ಡ್ರೈವರ್ ಎಂಬ ದುಭಾಷಿ

ಮುಂಬೈಯ ಕನ್ನಡ ಸಂಘಗಳ ಕಪಾಟುಗಳಲ್ಲಿ ಎರಡು ಬಗೆಯ ಹಳೆಯ ಸಂಚಿಕೆಗಳಿರುತ್ತವೆ. ಅಚ್ಚುಮೊಳೆ ಜೋಡಿಸಿ ಮುದ್ರಿಸುತ್ತಿದ್ದ ಕಾಲದವು ಕಾಗದದಲ್ಲಿ ಮಾತ್ರ ಉಳಿದಿವೆ. ಗೆದ್ದಲು, ಮಳೆಗಾಲದ ತೇವ ತಾಗದಿದ್ದರೆ ಇವತ್ತೂ ಓದಬಹುದು. ಕಂಪ್ಯೂಟರಿನಲ್ಲಿ ಪುಟ ಕಟ್ಟಲು ಶುರುವಾದ ಮೇಲಿನವಕ್ಕೆ ಕಾಗದದ ಜತೆಗೆ ಇನ್ನೊಂದು ರೂಪವೂ ಇದೆ. ಯಾವುದೋ ಸಿಡಿಯಲ್ಲೋ ಹಳೆಯ ಹಾರ್ಡ್ ಡಿಸ್ಕಿನಲ್ಲೋ ಕೂತಿರುವ ಪೇಜ್‌ಮೇಕರ್ ಕಡತ ಅದು. ಸ್ಮರಣ ಸಂಚಿಕೆ, ಕಥಾಸಂಕಲನ, ನಾಟಕದ ಕರಪತ್ರ, ಸದಸ್ಯರ ಪಟ್ಟಿ ಎಲ್ಲವೂ ಅದರಲ್ಲಿ ಇರಬಹುದು. ಕಾಗದಕ್ಕಿಂತ ಹೊಸದಾದ ಈ ರೂಪವೇ ಈಗ ಕಾಗದಕ್ಕಿಂತ ಬೇಗ ಓದಲಾಗದಂತಾಗುತ್ತಿದೆ.

ಕಾರಣ ಸಂಕೇತದಲ್ಲಿದೆ. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ ಟೈಪಾದ ಕನ್ನಡ ಯಂತ್ರದ ಲೆಕ್ಕದಲ್ಲಿ ಕನ್ನಡವೇ ಅಲ್ಲ. ಒಳಗಿರುವುದು ಲ್ಯಾಟಿನ್ ಅಕ್ಷರಗಳ ಸಂಕೇತ. ಮೇಲೆ ಕಾಣುವುದು ಕನ್ನಡದ ಆಕಾರ. ಫಾಂಟು ಕಳಚಿದರೆ ಬರಹ ಗುರುತು ಸಿಗದ ಚಿಹ್ನೆಗಳ ರಾಶಿ. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗವಿದೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟೂ ಇತ್ತು. ಆದರೂ ಪುಟವಿನ್ಯಾಸದ ಲೋಕ ಬಹುಕಾಲ ಹಳೆಯ ದಾರಿಯಲ್ಲೇ ನಡೆಯಿತು, ಏಕೆಂದರೆ ಅದು ನೆಚ್ಚಿಕೊಂಡಿದ್ದ ಪೇಜ್‌ಮೇಕರ್ ತನ್ನ ಕೊನೆಯ ಆವೃತ್ತಿಯಾದ ಏಳರವರೆಗೂ ಯುನಿಕೋಡ್ ಕಲಿಯಲೇ ಇಲ್ಲ.

ಹೀಗಾಗಿ ಹಳೆಯ ಕಡತವನ್ನು ಅದರ ಮೂಲ ರೂಪದಲ್ಲಿ ನೋಡಬೇಕಾದರೆ ಹಳೆಯ ವಿಂಡೋಸ್ ಬೇಕು. ಹಳೆಯ ಕಂಪ್ಯೂಟರ್ ಸತ್ತಿರುತ್ತದೆ. ಉಳಿಯುವ ದಾರಿ ವರ್ಚುವಲ್ ಮಷಿನ್: ಹೊಸ ಲ್ಯಾಪ್‌ಟಾಪಿನೊಳಗೆ ತಂತ್ರಾಂಶದಿಂದಲೇ ಇನ್ನೊಂದು ಕಂಪ್ಯೂಟರ್ ಕಟ್ಟಿ ಅದರಲ್ಲಿ ಎಕ್ಸ್‌ಪಿ ಹಾಕುವುದು. ಎಕ್ಸ್‌ಪಿ ಏಳುತ್ತದೆ, ಪೇಜ್‌ಮೇಕರ್ ತೆರೆಯುತ್ತದೆ. ಆಮೇಲೆ ಎದುರಾಗುವುದು ಒಂದೇ ದೂರು: ನೆಟ್‌ವರ್ಕ್ ಇಲ್ಲ. ಬಹಳ ಪ್ರಯತ್ನಗಳು ಇಲ್ಲಿಗೇ ನಿಂತುಬಿಡುತ್ತವೆ. ಈ ತೊಡಕು ಜನ ಅಂದುಕೊಂಡಷ್ಟು ಜಟಿಲವಲ್ಲ. ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ: ತೊಡಕು ಬಿಡಿಸಿದ ಮೇಲೂ ಆ ಯಂತ್ರವನ್ನು ಇಂಟರ್ನೆಟ್ಟಿಗೆ ಬಿಡಬಾರದು.

ಡ್ರೈವರ್ ಪದವನ್ನು ಕನ್ನಡದಲ್ಲಿ ‘ಚಾಲಕ ತಂತ್ರಾಂಶ’ ಎಂದು ಬರೆಯುವ ರೂಢಿಯಿದೆ. ಅನುವಾದ ತಪ್ಪಲ್ಲ, ಆದರೆ ದಾರಿ ತಪ್ಪಿಸುತ್ತದೆ. ಚಾಲಕ ಎಂದೊಡನೆ ಲೋಕಲ್ ರೈಲಿನ ಮೋಟರ್‌ಮನ್ ನೆನಪಾಗಿ, ಗಾಡಿ ಓಡಿಸುವವನು ಬಂದಿಲ್ಲ, ಹೊರಗಿನಿಂದ ಯಾರನ್ನಾದರೂ ಕರೆತಂದು ಕೂರಿಸಬೇಕು ಎನಿಸುತ್ತದೆ. ಡ್ರೈವರ್ ನಿಜವಾಗಿ ದುಭಾಷಿ. ಕಾರ್ಯಾಚರಣ ವ್ಯವಸ್ಥೆ ಒಂದು ನುಡಿಯಾಡುತ್ತದೆ, ಕಾರ್ಡು ಇನ್ನೊಂದು. ನಡುವೆ ನಿಂತು ಎರಡನ್ನೂ ಹೊಂದಿಸುವುದು ಡ್ರೈವರ್. ಪ್ರತಿ ಕಾರ್ಡೂ ತನ್ನ ತಯಾರಕರ ಮತ್ತು ಮಾದರಿಯ ಸಂಖ್ಯೆ ಹೇಳಿಕೊಳ್ಳುತ್ತದೆ. ಇಂಟೆಲ್ ತಯಾರಕ ಸಂಖ್ಯೆ 8086, ಎಎಮ್‌ಡಿಯದು 1022. ಆ ಸಂಖ್ಯೆ ಕೇಳಿದ ವಿಂಡೋಸ್ ತನ್ನಲ್ಲಿ ಅದಕ್ಕೆ ತಕ್ಕ ದುಭಾಷಿ ಇದ್ದಾನೆಯೇ ಎಂದು ಹುಡುಕುತ್ತದೆ. ಇಲ್ಲದಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತು ಬೀಳುತ್ತದೆ.

ನಿಜವಾದ ಕಂಪ್ಯೂಟರಿನಲ್ಲಿ ಕಾರ್ಡು ಮೊದಲೇ ಕೂತಿರುತ್ತದೆ, ಅದಕ್ಕೆ ದುಭಾಷಿಯನ್ನು ಹುಡುಕಬೇಕು. ವರ್ಚುವಲ್ ಮಷಿನ್‌ನಲ್ಲಿ ಕಾರ್ಡೇ ಒಂದು ವೇಷ. ಸೆಟ್ಟಿಂಗಿನಲ್ಲಿ ಒಂದು ಸಾಲು ಬದಲಿಸಿದರೆ ವೇಷ ಬದಲಾಗುತ್ತದೆ. ಆದ್ದರಿಂದ ಡ್ರೈವರ್ ಹುಡುಕುತ್ತಾ ಅಲೆಯುವ ಬದಲು, ಒಳಗಿನ ವಿಂಡೋಸಿಗೆ ಯಾವ ಕಾರ್ಡಿನ ನುಡಿ ಮೊದಲೇ ಗೊತ್ತಿದೆಯೋ ಆ ಕಾರ್ಡನ್ನೇ ಎದುರಿಗಿಡುವುದು ಜಾಣತನ. ಲ್ಯಾಮಿಂಗ್ಟನ್ ರಸ್ತೆಯ ಅಂಗಡಿ ಸಾಲಿನಲ್ಲಿ ಹಳೆಯ ಕಾರ್ಡು, ಕೇಬಲ್ಲು ಸಿಕ್ಕಾವು. ಇಲ್ಲದ ಕಾರ್ಡಿಗೆ ಅಂಗಡಿಯ ಅಗತ್ಯವೇ ಇಲ್ಲ. ಗುರುತಿಲ್ಲದ ತಾಣಗಳಿಂದ ‘ಡ್ರೈವರ್ ಪ್ಯಾಕ್’ ಇಳಿಸಿಕೊಂಡರಂತೂ ದುಭಾಷಿಯ ವೇಷದಲ್ಲಿ ಕಳ್ಳನನ್ನು ಒಳಗೆ ಕರೆದಂತಾದೀತು.

ಲೆಕ್ಕ ಹೀಗಿದೆ. ವರ್ಚುವಲ್‌ಬಾಕ್ಸ್‌ನಲ್ಲಿ ಎಕ್ಸ್‌ಪಿ ಹಾಕಿದರೆ ಎಎಮ್‌ಡಿಯ ಪಿಸಿನೆಟ್ ಕಾರ್ಡು ಕೊಡಬೇಕು. ಅದರ ಡ್ರೈವರ್ ಎಕ್ಸ್‌ಪಿಯಲ್ಲೇ ಇದೆ. ಇಂಟೆಲ್ ಪ್ರೊ 1000ರಲ್ಲಿ ಎಂಟಿ ಡೆಸ್ಕ್‌ಟಾಪ್ ಮಾದರಿ ಎಕ್ಸ್‌ಪಿಗೆ ಅಪರಿಚಿತ, ಟಿ ಸರ್ವರ್ ಮಾದರಿ ಪರಿಚಿತ. ವಿಸ್ಟಾದಿಂದ ಈಚೆಗೆ ಲೆಕ್ಕ ತಿರುಗಿಬೀಳುತ್ತದೆ: ಪಿಸಿನೆಟ್ಟಿನ ಡ್ರೈವರನ್ನು ಮೈಕ್ರೋಸಾಫ್ಟ್ ಕೈಬಿಟ್ಟಿತು, ಎಂಟಿ ಡೆಸ್ಕ್‌ಟಾಪ್ ನಡೆಯುತ್ತದೆ. ವಿಂಡೋಸ್ 11 ಹಾಕುವಾಗಲೂ ಇದೇ ಕಥೆ. ಮೊದಲ ಸಿದ್ಧತೆಯಲ್ಲೇ ಅದು ಇಂಟರ್ನೆಟ್ ಕೇಳುತ್ತದೆ. ವರ್ಟ್‌ಐಒ ಕಾರ್ಡಿನ ಡ್ರೈವರ್ ಅದರಲ್ಲಿ ಇರುವುದಿಲ್ಲ. ಡ್ರೈವರ್ ಇಳಿಸಲು ಇಂಟರ್ನೆಟ್ ಬೇಕು. ಈ ಸುಳಿಯಿಂದ ಹೊರಬರಲು ಡ್ರೈವರುಗಳ ಐಎಸ್‌ಒ ಕಡತವನ್ನು ಸಿಡಿಯಂತೆ ಜೋಡಿಸಬೇಕು, ಇಲ್ಲವೇ ಸ್ವಲ್ಪ ಹೊತ್ತಿಗೆ ಇಂಟೆಲ್ ವೇಷ ಹಾಕಿಸಬೇಕು.

ಯಾವ ವೇಷ ಮೇಲು ಎಂಬ ಪ್ರಶ್ನೆಗೆ ಮುಂಬೈಯ ಉಡುಪಿ ಹೋಟೆಲಿನಲ್ಲಿ ಉತ್ತರವಿದೆ. ಗಲ್ಲಾಪೆಟ್ಟಿಗೆಯ ಹಿಂದೆ ಕೂತವರು ಗಿರಾಕಿಯೊಡನೆ ಹಿಂದಿ, ಅಡುಗೆಮನೆಗೆ ತುಳು, ಮಹಾನಗರಪಾಲಿಕೆಯವರೊಡನೆ ಮರಾಠಿ, ಊರಿನ ಫೋನಿಗೆ ಕನ್ನಡ ಆಡುತ್ತಾರೆ. ಇಂಟೆಲ್, ಪಿಸಿನೆಟ್ ಕಾರ್ಡುಗಳ ಅನುಕರಣೆ ಬಂಬಯ್ಯಾ ಹಿಂದಿಯ ಹಾಗೆ: ಎಲ್ಲರಿಗೂ ತಿಳಿಯುತ್ತದೆ, ಆದರೆ ಸುತ್ತಿ ಬಳಸಿ. ನಿಜವಾದ ಕಾರ್ಡಿನ ಸಣ್ಣ ಸಣ್ಣ ನಡೆಗಳನ್ನೂ ತಂತ್ರಾಂಶ ನಟಿಸಬೇಕಾದ್ದರಿಂದ ನಿಧಾನ. ವರ್ಟ್‌ಐಒ ಮನೆಮಾತಿನ ಹಾಗೆ. ತಾನಿರುವುದು ವರ್ಚುವಲ್ ಮನೆಯಲ್ಲಿ ಎಂದು ಒಳಗಿನ ವ್ಯವಸ್ಥೆಗೆ ಗೊತ್ತಿದ್ದು, ನಟನೆಯಿಲ್ಲದೆ ನೇರವಾಗಿ ಮಾತು ನಡೆಯುವುದರಿಂದ ವೇಗ ಹೆಚ್ಚು. ಆದರೆ ನುಡಿ ಬಲ್ಲವರು ಎರಡೂ ಕಡೆ ಇರಬೇಕು. ಸರ್ವರ್ ನಡೆಸುವವರಿಗೆ ಮನೆಮಾತು ಬೇಕು. ಹಳೆಯ ಸಂಚಿಕೆ ತೆರೆಯುವವರಿಗೆ ಬಜಾರಿನ ಹಿಂದಿ ಧಾರಾಳ ಸಾಕು.

ಇಷ್ಟಾದ ಮೇಲೂ ‘ನೆಟ್‌ವರ್ಕ್ ಇಲ್ಲ’ ಎಂಬ ದೂರು ಬಂದರೆ, ಅದು ಡ್ರೈವರಿನದೇ ಎಂದು ತೀರ್ಮಾನಿಸುವುದು ಆತುರ. ರೋಗಲಕ್ಷಣಗಳು ಬೇರೆ ಬೇರೆ. ಹಳದಿ ಗುರುತಿದ್ದರೆ ಡ್ರೈವರ್. ಗುರುತಿಲ್ಲ, ಆದರೆ ಐಪಿ ವಿಳಾಸ 169.254ರಿಂದ ಶುರುವಾಗಿದೆ ಎಂದರೆ ದುಭಾಷಿ ಇದ್ದಾನೆ, ಆ ಕಡೆಯಿಂದ ವಿಳಾಸ ಕೊಡುವವರು ಸಿಕ್ಕಿಲ್ಲ. ವರ್ಚುವಲ್‌ಬಾಕ್ಸ್‌ನ ನ್ಯಾಟ್ ವ್ಯವಸ್ಥೆಯಲ್ಲಿ 10.0.2.15 ಎಂಬ ವಿಳಾಸ ಬಂದಿದ್ದರೆ ಡ್ರೈವರನ್ನು ಅನುಮಾನಿಸುವುದನ್ನು ಅಲ್ಲಿಗೇ ನಿಲ್ಲಿಸಬಹುದು. 8.8.8.8ಕ್ಕೆ ಪಿಂಗ್ ಹೋಗುತ್ತದೆ, ಹೆಸರು ಬರೆದರೆ ಹೋಗುವುದಿಲ್ಲ ಎಂದಾದರೆ ದೋಷ ಡಿಎನ್‌ಎಸ್‌ನಲ್ಲಿದೆ. ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವ ಲಕ್ಷಣ ಕೊನೆಯದು: ಪಿಂಗ್ ಸರಿ, ಹೆಸರೂ ಸರಿ, ಆದರೆ ಒಂದು ಪುಟವೂ ತೆರೆಯುವುದಿಲ್ಲ. ಅಲ್ಲಿ ನೆಟ್‌ವರ್ಕ್ ಪೂರ್ತಿ ಸರಿಯಿದೆ. ಎಕ್ಸ್‌ಪಿಯ ಇಂಟರ್ನೆಟ್ ಎಕ್ಸ್‌ಪ್ಲೋರರ್ 8ಕ್ಕೆ ಗೊತ್ತಿರುವ ಗೂಢಲಿಪಿಯ ಕ್ರಮ ಹಳೆಯದು. ಇಂದಿನ ತಾಣಗಳು ಅದನ್ನು ಒಪ್ಪುವುದನ್ನು ಬಿಟ್ಟಿವೆ. ಎಷ್ಟು ಡ್ರೈವರ್ ಬದಲಿಸಿದರೂ ಆ ಬಾಗಿಲು ತೆರೆಯದು.

ಮುಂಬೈಯ ಬಾಡಿಗೆ ಮನೆಗಳಿಗೆ ಇನ್ನೊಂದು ತೊಡಕಿದೆ. ಒಳಗಿನ ಯಂತ್ರವನ್ನು ಮನೆಯ ನೆಟ್‌ವರ್ಕಿಗೆ ನೇರ ಸೇರಿಸುವ ‘ಬ್ರಿಡ್ಜ್ಡ್’ ಆಯ್ಕೆಯಲ್ಲಿ ಆ ಯಂತ್ರ ತನ್ನದೇ ಮ್ಯಾಕ್ ವಿಳಾಸದೊಂದಿಗೆ ಹೊರಗೆ ಕಾಣಿಸುತ್ತದೆ. ಅನೇಕ ವೈಫೈ ಉಪಕರಣಗಳು ಒಂದೇ ಲ್ಯಾಪ್‌ಟಾಪಿನಿಂದ ಎರಡನೆಯ ಮ್ಯಾಕ್ ವಿಳಾಸ ಬಂದರೆ ಒಪ್ಪುವುದಿಲ್ಲ. ಕೇಬಲ್‌ನವರು ಬ್ರಾಡ್‌ಬ್ಯಾಂಡನ್ನು ಒಂದೇ ಮ್ಯಾಕ್ ವಿಳಾಸಕ್ಕೆ ಕಟ್ಟಿಹಾಕಿರುವ ಕಡೆ ರೌಟರ್ ಇಲ್ಲದೆ ತಂತಿ ನೇರ ಜೋಡಿಸಿದ್ದರೂ ಇದೇ ಗತಿ. ಎರಡನ್ನೂ ಡ್ರೈವರಿನ ತಲೆಗೆ ಕಟ್ಟುವುದು ಅನ್ಯಾಯ. ನ್ಯಾಟ್ ಆಯ್ಕೆಯಲ್ಲಿ ಒಳಗಿನ ಯಂತ್ರ ಹೊರಗಿನದರ ಹೆಸರಿನಲ್ಲೇ ವ್ಯವಹರಿಸುವುದರಿಂದ ಈ ಜಗಳ ಹುಟ್ಟುವುದೇ ಇಲ್ಲ.

ಇನ್ನು ಮುಖ್ಯ ಪ್ರಶ್ನೆ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ಮುಗಿದದ್ದು 2014ರ ಏಪ್ರಿಲ್ 8ರಂದು. ಆಮೇಲೆ ಸಿಕ್ಕ ರಂಧ್ರಗಳಿಗೆ ಸಾಮಾನ್ಯವಾಗಿ ತೇಪೆಯಿಲ್ಲ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಹರಡಿದಾಗ ಕಂಪನಿ ನಿಯಮ ಮುರಿದು ಎಕ್ಸ್‌ಪಿಗೂ ಒಂದು ತೇಪೆ ಕೊಟ್ಟಿತು; ಅಪಾಯ ಎಷ್ಟಿತ್ತೆಂಬುದಕ್ಕೆ ಅದೇ ಸಾಕ್ಷಿ. ಅದೇ ವರ್ಷ ಜೂನ್ 27ರ ನಾಟ್‌ಪೆಟ್ಯಾ ದಾಳಿ ಮುಂಬೈಯ ಬಾಗಿಲಿಗೇ ಬಂತು. ಮೆರ್ಸ್ಕ್ ಸಮೂಹದ ಕಂಪ್ಯೂಟರುಗಳು ಜಗತ್ತಿನಾದ್ಯಂತ ನೆಲಕಚ್ಚಿದಾಗ, ನ್ಹಾವಾ ಶೇವಾದ ಜವಾಹರಲಾಲ್ ನೆಹರು ಬಂದರಿನಲ್ಲಿ ಆ ಸಮೂಹ ನಡೆಸುತ್ತಿದ್ದ ಟರ್ಮಿನಲ್ಲಿನ ಕೆಲಸವೂ ಕೆಟ್ಟಿತು. ದಾಳಿ ಶುರುವಾದದ್ದು ಉಕ್ರೇನಿನ ಒಂದು ಲೆಕ್ಕಪತ್ರ ತಂತ್ರಾಂಶದಿಂದ. ಒಂದು ಯಂತ್ರಕ್ಕೆ ಹೊಕ್ಕ ರೋಗ ಅದೇ ನೆಟ್‌ವರ್ಕಿನ ಉಳಿದವಕ್ಕೆ ತಾನಾಗಿ ದಾಟುತ್ತಿತ್ತು. ಬಂದರಿನ ಮುಂದೆ ಸಂಘದ ಕಚೇರಿ ಸಣ್ಣದಿರಬಹುದು, ಆದರೆ ನಿಯಮ ಒಂದೇ: ತೇಪೆಯಿಲ್ಲದ ಯಂತ್ರವನ್ನು ‘ಬ್ರಿಡ್ಜ್ಡ್’ ಮಾಡಿ ಸೇರಿಸಿದರೆ, ಅದೇ ನೆಟ್‌ವರ್ಕಿನಲ್ಲಿರುವ ಸದಸ್ಯರ ಪಟ್ಟಿ, ಬ್ಯಾಂಕಿನ ಲೆಕ್ಕ ನೋಡುವ ಕಂಪ್ಯೂಟರಿಗೂ ಅಪಾಯ ತಂದಂತೆ.

ನೆಟ್‌ವರ್ಕ್ ಬೇಡವೆಂದರೆ ಕಡತ ಒಳಗೆ ಹೋಗುವುದು, ಹೊರಗೆ ಬರುವುದು ಹೇಗೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಡ್ರೈವರಿಗಾಗಿ ಒದ್ದಾಡುವ ಬಹುಪಾಲು ಜನರಿಗೆ ನಿಜವಾಗಿ ಬೇಕಾಗಿರುವುದೂ ಇಷ್ಟೇ. ಉತ್ತರಗಳು ಹಲವಿವೆ. ವರ್ಚುವಲ್‌ಬಾಕ್ಸ್‌ನ ಶೇರ್ಡ್ ಫೋಲ್ಡರಿಗೆ ಗೆಸ್ಟ್ ಅಡಿಷನ್ಸ್ ಬೇಕು, ಆದರೆ ನೆಟ್‌ವರ್ಕ್ ಕಾರ್ಡು ಬೇಡ. ಒಳಗಿನ ವಿಂಡೋಸಿನಲ್ಲಿ ಅದು ನೆಟ್‌ವರ್ಕ್ ಫೋಲ್ಡರಿನಂತೆ ಕಾಣುವುದರಿಂದ ಜನ ಹಾಗೆ ಅಂದುಕೊಳ್ಳುತ್ತಾರೆ, ಅಷ್ಟೇ. ಕಡತಗಳನ್ನು ಐಎಸ್‌ಒ ಮಾಡಿ ಸಿಡಿಯಂತೆ ಒಳಗೆ ಕಳಿಸಬಹುದು. ಇನ್ನೊಂದು ವರ್ಚುವಲ್ ಡಿಸ್ಕಿನಲ್ಲಿ ಉಳಿಸಿ ಹೊರಗೆ ತರಬಹುದು. ಎರಡು ಯಂತ್ರಗಳು ಮಾತಾಡಲೇಬೇಕಾದ ಸಂದರ್ಭಕ್ಕೆ ‘ಹೋಸ್ಟ್ ಓನ್ಲಿ’ ಆಯ್ಕೆಯಿದೆ: ಒಳಗಿನದು ಹೊರಗಿನ ಲ್ಯಾಪ್‌ಟಾಪಿನೊಡನೆ ಮಾತ್ರ ಮಾತಾಡುತ್ತದೆ, ಬೀದಿಗೆ ಇಳಿಯುವುದಿಲ್ಲ.

ವರ್ಚುವಲ್ ಮಷಿನ್ ತಂಗುದಾಣವೇ ಹೊರತು ಊರಲ್ಲ. ಒಳಗೆ ತೆರೆದ ಕಡತವನ್ನು ಪಿಡಿಎಫ್ ಮಾಡಿ ಪುಟದ ರೂಪ ಉಳಿಸಿಕೊಳ್ಳಬೇಕು; ಪಠ್ಯವನ್ನು ಬೇರೆಯಾಗಿ ತೆಗೆದು ಯುನಿಕೋಡಿಗೆ ತರಬೇಕು. ಪರಿವರ್ತಕಗಳಿವೆ, ಆದರೆ ಒಂದು ತಯಾರಿಕೆಯ ಫಾಂಟಿನ ಸಂಕೇತ ಇನ್ನೊಂದರದ್ದಲ್ಲ. ನಕ್ಷೆ ತಪ್ಪಿದರೆ ಬರಹ ಕಲಸುಮೇಲೋಗರ. ಅರ್ಕಾವೊತ್ತು ವಿಶೇಷವಾಗಿ ಕಾಡುತ್ತದೆ. ಹಳೆಯ ಫಾಂಟುಗಳು ಅದನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ಅಕ್ಷರದ ನಂತರ ಇಡುತ್ತವೆ. ಯುನಿಕೋಡ್ ಉಚ್ಚರಿಸುವ ಕ್ರಮದಲ್ಲಿ, ಅಕ್ಷರದ ಮೊದಲು ಇಡುತ್ತದೆ. ‘ಸೂರ್ಯ’, ‘ಕಾರ್ಯ’ ಇರುವ ಸಾಲುಗಳನ್ನು ಕನ್ನಡ ಬಲ್ಲ ಕಣ್ಣು ಮತ್ತೆ ನೋಡಲೇಬೇಕು. ಈ ಕೆಲಸಕ್ಕೆ ಎಂಜಿನಿಯರಿಗಿಂತ ಕರಡು ತಿದ್ದುವವರು ಹೆಚ್ಚು ಬೇಕು.

ಕೊನೆಯದಾಗಿ ಬರವಣಿಗೆಯ ಪ್ರಶ್ನೆ. ಪವಾಯಿಯ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಮುಕ್ತ ತಂತ್ರಾಂಶಗಳ ಪಾಠಗಳನ್ನು ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳ ಧ್ವನಿಯಲ್ಲಿ ಕೊಡುತ್ತಿದೆ. ಪರದೆಯಲ್ಲಿರುವುದು ಇಂಗ್ಲಿಷ್, ವಿವರಣೆ ಕನ್ನಡ. ತಾಂತ್ರಿಕ ಕನ್ನಡಕ್ಕೆ ಇದು ಒಳ್ಳೆಯ ಮಾದರಿ. ಪರದೆಯ ಮೇಲಿನ ದೋಷಸಂದೇಶವನ್ನು ಅನುವಾದಿಸಿದರೆ ಅದನ್ನು ಮತ್ತೆ ಹುಡುಕುವ ದಾರಿಯೇ ಮುಚ್ಚುತ್ತದೆ; ಸಂದೇಶ ಇದ್ದಂತೆ ಇರಲಿ, ಅದು ಏನು ಹೇಳುತ್ತಿದೆ ಎಂಬುದು ಕನ್ನಡದಲ್ಲಿ ಬರಲಿ. ಪ್ರತಿ ವರ್ಚುವಲ್ ಮಷಿನ್ ಜತೆಗೂ ಒಂದು ಪುಟದ ಕನ್ನಡ ಟಿಪ್ಪಣಿ ಇರಬೇಕು: ಯಾವ ಕಾರ್ಡು, ಯಾವ ಆಯ್ಕೆ, ಫಾಂಟುಗಳು ಎಲ್ಲಿವೆ, ಕಡತ ಹೊರಗೆ ತರುವುದು ಹೇಗೆ. ಸೆಟ್ಟಿಂಗು ಮಾಡಿದವರು ಊರು ಬಿಟ್ಟರೂ ಮುಂದಿನವರು ಮೊದಲಿನಿಂದ ಶುರು ಮಾಡಬೇಕಾಗಬಾರದು.

ಆ ಕಡತಗಳನ್ನು ಟೈಪು ಮಾಡಿದವರು, ಪುಟ ಕಟ್ಟಿದವರು ಹಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಯಾವ ಫಾಂಟು, ಯಾವ ಆವೃತ್ತಿ, ಯಾವ ಸಿಡಿ ಎಂಬುದು ಅವರ ನೆನಪಿನಲ್ಲಿದೆ. ಆ ನೆನಪಿಗೆ ಬ್ಯಾಕಪ್ ಇಲ್ಲ. ವಾರ್ಷಿಕೋತ್ಸವದ ಖರ್ಚಿನಲ್ಲಿ ಒಂದು ಪಾಲು ತೆಗೆದು, ಒಂದು ಲ್ಯಾಪ್‌ಟಾಪ್, ಒಬ್ಬ ಕರಡು ತಿದ್ದುವವರು, ಕೆಲವು ಭಾನುವಾರಗಳನ್ನು ಈ ಕೆಲಸಕ್ಕೆ ಕೊಟ್ಟರೆ ಒಂದು ಸಂಘದ ಹತ್ತಾರು ವರ್ಷಗಳ ಬರಹ ಉಳಿದೀತು. ಅದಕ್ಕೆ ಎಕ್ಸ್‌ಪಿ ಇಂಟರ್ನೆಟ್ ನೋಡಬೇಕಾಗಿಲ್ಲ. ಅದರೊಳಗಿನ ಕನ್ನಡ ಹೊರಗೆ ಬಂದರೆ ಸಾಕು.