ಆಯಾಳ ಕರಾರು ಮತ್ತು ಆ 40 ತಾಸು

ಗೃಹಕಾರ್ಮಿಕರಿಗಾಗಿ ಕರ್ನಾಟಕ ಸರ್ಕಾರವು 2025ರಲ್ಲಿ ಪ್ರಕಟಿಸಿದ ಮಸೂದೆಯ ಕರಡಿನಲ್ಲಿ, ಸಂಬಳದ ಮೇಲೆ ಶೇ 5ರವರೆಗೆ ಕಲ್ಯಾಣಶುಲ್ಕದ ಪ್ರಸ್ತಾಪ ಬಂದಂದಿನಿಂದ ಅಂಕಣಕಾರರೆಲ್ಲರೂ ಆ ಐದನ್ನೇ ಹಿಡಿದು ಜಗ್ಗುತ್ತಿದ್ದಾರೆ. ಮಧ್ಯಮವರ್ಗಕ್ಕೆ ಅದು ಭಾರವೋ ಹಗುರವೋ ಎಂಬ ಜಿಜ್ಞಾಸೆಯಲ್ಲಿ, ಕೂಸನ್ನು ನೋಡಿಕೊಳ್ಳುವವಳೊಡನೆ ಮಾಡಿಕೊಳ್ಳುವ ಕರಾರಿನ ತಿರುಳೇನೆಂಬ ಪ್ರಶ್ನೆ ಮೂಲೆಗೆ ಸರಿದಿದೆ. ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಕೆಲಸದ ತಾಸುಗಳನ್ನು ನಮೂದಿಸದ ಕರಾರು, ಅದರಲ್ಲಿ ಸಂಬಳ ಎಷ್ಟೇ ಉದಾರವಾಗಿರಲಿ, ಕರಾರೇ ಅಲ್ಲ.

ಪುಣೆ ಕ್ಯಾಂಪಿನಲ್ಲಿ, ಈಸ್ಟ್ ಸ್ಟ್ರೀಟಿನ ಹಿಂಬದಿಯ ಮನೆಯೊಂದರಲ್ಲಿ, ನಮ್ಮ ಕಡೆಯ ತರುಣ ದಂಪತಿ ಮೊನ್ನೆ ನನ್ನ ಮುಂದಿಟ್ಟ 500 ರೂಪಾಯಿಯ ಛಾಪಾಕಾಗದದಲ್ಲಿ, ಹಾಲಿನ ಬಾಟಲಿಯನ್ನು ಎಷ್ಟು ನಿಮಿಷ ಕುದಿಸಬೇಕು, ಮಗು ಕಂಕುಳಲ್ಲಿದ್ದಾಗ ಮೊಬೈಲು ಮುಟ್ಟಬಾರದೇಕೆ, ಹೇಳದೆ ರಜೆ ಹಾಕಿದರೆ ಎಷ್ಟು ಮುರಿದುಕೊಳ್ಳಲಾಗುವುದು ಎಂಬುದೆಲ್ಲವೂ ಸವಿಸ್ತಾರವಾಗಿತ್ತು. ವೇಳೆಯ ಎದುರಿಗೆ ಮಾತ್ರ ‘ಅಗತ್ಯಕ್ಕನುಸಾರ’ ಎಂಬ ಒಂದೇ ಪದ. ಇಂಗ್ಲಿಷಿನ ಆ ಕಾಗದಕ್ಕೆ ಸಹಿ ಹಾಕಬೇಕಾದವಳು ಇಂಡಿ ತಾಲ್ಲೂಕಿನವಳು, ಆ ಮನೆಯಲ್ಲೇ ಉಳಿದುಕೊಳ್ಳುವವಳು. ‘ಆಯಾ’ ಎಂಬುದು ಪೋರ್ಚುಗೀಸರು ಬಿಟ್ಟುಹೋದ ಪದ. ದಂಡಿನ ಸಾಹೇಬರ ಬಂಗಲೆಗಳ ಕಾಲದಿಂದಲೂ ಕ್ಯಾಂಪಿಗೆ ಅದು ಹೊಸದಲ್ಲ, ಹಿತ್ತಿಲ ಕೋಣೆಯಲ್ಲಿ ಮಲಗುವವಳಿಗೆ ಹೊತ್ತುಗೊತ್ತು ಬೇಡವೆಂಬ ಎಣಿಕೆಯೂ ಹೊಸದಲ್ಲ.

ಎಲ್ಲರೂ ಮರೆತ ಪೂರ್ವನಿದರ್ಶನವೊಂದುಂಟು. 2013ರ ಡಿಸೆಂಬರ್ 12ರಂದು ನ್ಯೂಯಾರ್ಕಿನಲ್ಲಿ ನಮ್ಮ ಉಪ ಕಾನ್ಸುಲ್ ಜನರಲ್ ದೇವಯಾನಿ ಖೋಬ್ರಾಗಡೆಯವರ ಬಂಧನವಾದಾಗ ದೇಶಕ್ಕೆ ದೇಶವೇ ಮಾನಾಪಮಾನದ ಮಾತಾಡಿತು. ದೆಹಲಿಯಲ್ಲಿ ಅಮೆರಿಕದ ರಾಯಭಾರ ಕಚೇರಿಯ ಮುಂದಿನ ತಡೆಗೋಡೆಗಳನ್ನೂ ಕಿತ್ತದ್ದಾಯಿತು. ಆದರೆ ದೂರಿನ ಪ್ರತಿಯನ್ನು ಓದಿದವರೆಷ್ಟು ಮಂದಿ? ಮಕ್ಕಳನ್ನೂ ಮನೆಯನ್ನೂ ನೋಡಿಕೊಳ್ಳಲು ಕರೆದೊಯ್ದ ಹೆಂಗಸಿನೊಡನೆ ಎರಡು ಕರಾರುಗಳಾಗಿದ್ದವೆಂಬುದು ಅಲ್ಲಿನ ಸರ್ಕಾರಿ ವಕೀಲರ ಆರೋಪ: ವೀಸಾಕ್ಕೆಂದು ತೋರಿಸಿದ್ದರಲ್ಲಿ ತಾಸಿಗೆ 9.75 ಡಾಲರ್, ವಾರಕ್ಕೆ 40 ತಾಸು. ಹೊರಡುವ ಮುನ್ನ ಸಹಿಯಾದದ್ದರಲ್ಲಿ, ಅಧಿಕ ವೇಳೆಯ ಭತ್ಯವೂ ಸೇರಿ ತಿಂಗಳಿಗೆ 30,000 ರೂಪಾಯಿ ಮೀರದು ಎಂಬ ಮಾತು. ಖೋಬ್ರಾಗಡೆಯವರು ಆರೋಪವನ್ನು ಅಲ್ಲಗಳೆದರು, ಅದು ರುಜುವಾತಾಗಲೂ ಇಲ್ಲ. ಆ ವ್ಯಾಜ್ಯ ನನಗೆ ಬೇಡ. ಡಾಲರು ಹೆಚ್ಚೋ ರೂಪಾಯಿ ಹೆಚ್ಚೋ ಎಂದು ಆಗ ಗುಣಿಸಿ ಭಾಗಿಸಿದ ಪಂಡಿತರು ಗಮನಿಸದೆಹೋದ ಅಂಕಿಯೆಂದರೆ ಆ 40. ದೂರಿನ ಪ್ರಕಾರ ಎರಡನೆಯ ಕಾಗದದಲ್ಲಿ ವಾರದ ತಾಸುಗಳ ಸೊಲ್ಲೇ ಇರಲಿಲ್ಲ. ವೇಳೆಯೇ ಇಲ್ಲದಿದ್ದ ಮೇಲೆ ‘ಅಧಿಕ ವೇಳೆ’ ಯಾವುದಕ್ಕಿಂತ ಅಧಿಕ? 30,000ವನ್ನು ಎಷ್ಟರಿಂದ ಭಾಗಿಸಬೇಕೆಂಬುದು ತಿಳಿಯದಿರುವಾಗ ಆ ಮೊತ್ತ ಕೂಲಿಯೋ ದಾನವೋ ಹೇಳುವವರಾರು?

ಮಗು ಗಡಿಯಾರ ನೋಡಿ ಅಳುವುದಿಲ್ಲವೆಂಬ ಆಕ್ಷೇಪ ನನಗೆ ಗೊತ್ತಿಲ್ಲದ್ದೇನಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 2011ರಲ್ಲಿ ಅಂಗೀಕರಿಸಿದ 189ನೆಯ ಒಡಂಬಡಿಕೆಗೂ ಅದು ಗೊತ್ತಿತ್ತು. ಆದಕಾರಣವೇ ಅದರ 10ನೆಯ ವಿಧಿಯು, ವಾರಕ್ಕೊಮ್ಮೆ ಎಡೆಬಿಡದ 24 ತಾಸು ಬಿಡುವಿರಬೇಕೆಂದು ವಿಧಿಸಿದ ಮೇಲೆ, ಕರೆದಾಗ ಓಗೊಡಲೆಂದು ಕಾದಿರುವ ಹೊತ್ತನ್ನೂ, ಆಯಾ ದೇಶದ ಕಾನೂನು ಗೊತ್ತುಮಾಡುವ ಮಟ್ಟಿಗೆ, ಕೆಲಸದ ಹೊತ್ತಾಗಿ ಎಣಿಸಬೇಕೆಂದಿತು. ಭಾರತ ಅದರ ಪರವಾಗಿ ಮತ ಹಾಕಿ ಬಂದು, ಇಂದಿಗೂ ಸ್ಥಿರೀಕರಿಸದೆ ಕುಳಿತಿದೆ. ಮಹಾರಾಷ್ಟ್ರದ 2008ರ ಕಾಯಿದೆ ಕಲ್ಯಾಣಮಂಡಲಿಯನ್ನು ಕೊಟ್ಟಿತೇ ಹೊರತು ತಾಸನ್ನು ಕೊಡಲಿಲ್ಲ. ಕೇಂದ್ರದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಂತೂ ಮನೆಗೆಲಸವನ್ನು ‘ಉದ್ಯಮ’ದ ವ್ಯಾಖ್ಯೆಯಿಂದಲೇ ಹೊರಗಿಟ್ಟಿತು. ಬಿಡುವಿಗೂ ಕರಾರಿನಲ್ಲಿ ಜಾಗವಿರಬೇಕೆಂದು ಕಾಯಿದೆಯವರಿಗೆ ಹೊಳೆಯದ್ದು ಪುಣೆಯ ಮೋಲ್ಕರಣಿಯರಿಗೆ, ಅಂದರೆ ಮನೆಗೆಲಸದ ಹೆಂಗಸರಿಗೆ, 1980ರಲ್ಲೇ ಹೊಳೆದಿತ್ತು: ಕಾಯಿಲೆಯಿಂದ ಕೆಲವು ದಿನ ಬರಲಾಗದ ಒಬ್ಬಳನ್ನು ಬಿಡಿಸಿದ್ದೇ ಅವರ ಮುಷ್ಕರಕ್ಕೆ ಕಿಡಿಯಾಯಿತು.

ದಂಪತಿಯ ಎದುರಿನಲ್ಲೇ ಆಕೆಯನ್ನು ಕೇಳಿದೆ.

“ರಾತ್ರಿ ಎಷ್ಟಕ್ಕ ಮಲಗತೀ ತಂಗೀ?”

“ಕೂಸು ಮಲಗಿದ ಮ್ಯಾಲ್ರೀ.”

“ಏಳೂದು?”

“ಅದು ಎದ್ದಾಗ್ರೀ.”

‘ಅಗತ್ಯಕ್ಕನುಸಾರ’ವನ್ನು ಹೊಡೆದುಹಾಕಿಸಿ, ಬೆಳಿಗ್ಗೆ 8ರಿಂದ ಸಂಜೆ 6, ನಡುವೆ ಊಟಕ್ಕೂ ವಿಶ್ರಾಂತಿಗೂ 2 ತಾಸು, ಭಾನುವಾರ ಪೂರ್ತಿ ರಜೆ, ರಾತ್ರಿ ಎಬ್ಬಿಸಿದರೆ ತಾಸಿನ ಲೆಕ್ಕಕ್ಕೆ ಇಮ್ಮಡಿ ಪಗಾರ ಎಂದು ಬರೆಸಿ, ಕನ್ನಡದಲ್ಲಿ ಓದಿಹೇಳಿದೆ. ರಾತ್ರಿಯ ಮಾತು ಬಂದಾಗ ಆಕೆ ಅದನ್ನು ಇನ್ನೊಮ್ಮೆ ಓದಿಸಿಕೊಂಡಳು. ಮಗುವಿನ ತಂದೆ ಮನಸ್ಸಿನಲ್ಲೇ ಏನೋ ಲೆಕ್ಕಹಾಕಿ, “ರಾತ್ರಿ ಅತ್ತರೆ ನಾನೇ ಏಳ್ತೀನಿ, ಬಿಡಿ ಸರ್” ಎಂದ.