ಚುನಾವಣೆ ಜನಮತಗಣನೆಯಲ್ಲ

ಚುನಾವಣೆಯ ಫಲಿತಾಂಶ ಹೊರಬಿದ್ದ ಮರುದಿನ ಪತ್ರಿಕೆಗಳ ಮುಖಪುಟದಲ್ಲಿ ಒಂದು ಪದ ತಪ್ಪದೆ ಕಾಣಿಸಿಕೊಳ್ಳುತ್ತದೆ: ಜನಾದೇಶ. ಗೆದ್ದ ಪಕ್ಷದ ಎಲ್ಲ ನೀತಿಗಳಿಗೂ ಜನರು ಒಪ್ಪಿಗೆಯ ಮುದ್ರೆ ಒತ್ತಿದ್ದಾರೆಂಬ ಧಾಟಿಯಲ್ಲಿ ವಿಶ್ಲೇಷಣೆಗಳು ಬರುತ್ತವೆ. ಅಷ್ಟಕ್ಕೂ, ಮತದಾರರ ಮುಂದೆ ಅಂಥ ಪ್ರಶ್ನೆಯನ್ನು ಯಾರಾದರೂ ಇಟ್ಟಿದ್ದರೇ?

ನಮ್ಮ ನೆರೆಯ ಗೋವಾದಲ್ಲಿ ಒಮ್ಮೆ ಅಂಥ ಪ್ರಶ್ನೆಯನ್ನು ನೇರವಾಗಿ ಇಡಲಾಗಿತ್ತು. ಮಹಾರಾಷ್ಟ್ರದೊಂದಿಗೆ ವಿಲೀನವೇ, ಪ್ರತ್ಯೇಕ ಕೇಂದ್ರಾಡಳಿತ ಪ್ರದೇಶವೇ ಎಂಬುದನ್ನು ನಿರ್ಧರಿಸಲು 1967ರ ಜನವರಿ 16ರಂದು ಅಲ್ಲಿ ಜನಮತಗಣನೆ ನಡೆಯಿತು. ಮರಾಠಿ ಪತ್ರಿಕೆ ‘ಗೋಮಂತಕ’ ವಿಲೀನದ ಪರವಾಗಿಯೂ ‘ರಾಷ್ಟ್ರಮತ’ ಅದರ ವಿರುದ್ಧವಾಗಿಯೂ ನಿಂತವು. ಎರಡೂ ಪಕ್ಷಪಾತಿಗಳೇ, ಆದರೆ ಚರ್ಚೆಯ ವಸ್ತು ಒಂದೇ ಆಗಿತ್ತು. 34,021 ಮತಗಳ ಅಂತರದಿಂದ ಜನರು ವಿಲೀನವನ್ನು ತಿರಸ್ಕರಿಸಿದರು. ಆದರೆ ಅದೇ ವರ್ಷದ ಮಾರ್ಚ್‌ನಲ್ಲಿ ನಡೆದ ವಿಧಾನಸಭಾ ಚುನಾವಣೆಯಲ್ಲಿ ಬಹುಮತ ಪಡೆದದ್ದು ವಿಲೀನವನ್ನು ಪ್ರತಿಪಾದಿಸಿದ್ದ ಮಹಾರಾಷ್ಟ್ರವಾದಿ ಗೋಮಂತಕ ಪಕ್ಷವೇ! ಆ ಗೆಲುವನ್ನು ವಿಲೀನಕ್ಕೆ ಸಿಕ್ಕ ಜನಾದೇಶವೆಂದು ಓದಿದರೆ ಎಂಥ ಪ್ರಮಾದವಾಗುತ್ತಿತ್ತು!

ನಮ್ಮ ಜಿಲ್ಲೆಯ ಅನುಭವವೂ ಭಿನ್ನವಲ್ಲ. 1962ರಲ್ಲಿ ರಾಜ್ಯದಲ್ಲಿ ಕಾಂಗ್ರೆಸ್ ಬಹುಮತ ಪಡೆಯಿತು. ಅದರ ನಾಯಕ ಎಸ್. ನಿಜಲಿಂಗಪ್ಪ ಮಾತ್ರ ಹೊಸದುರ್ಗದಲ್ಲಿ ಸೋತರು. ಬಳಿಕ ಬಾಗಲಕೋಟೆಯಿಂದ ಆಯ್ಕೆಯಾಗಿ ಮುಖ್ಯಮಂತ್ರಿಯಾದರು. 2023ರಲ್ಲಿ ಚಿತ್ರದುರ್ಗ, ಹಿರಿಯೂರು, ಹೊಸದುರ್ಗಗಳು ಕಾಂಗ್ರೆಸನ್ನು ಆರಿಸಿದರೆ ಹೊಳಲ್ಕೆರೆ ಬಿಜೆಪಿಯನ್ನು ಆರಿಸಿತು. ಮರುವರ್ಷವೇ ಚಿತ್ರದುರ್ಗ ಲೋಕಸಭಾ ಕ್ಷೇತ್ರ ಬಿಜೆಪಿಯ ಪಾಲಾಯಿತು. ಒಂದೇ ವರ್ಷದಲ್ಲಿ ಇಲ್ಲಿಯ ಜನರ ಸಿದ್ಧಾಂತ ಬದಲಾಯಿತೇ? ಅಭ್ಯರ್ಥಿ, ಜಾತಿ, ಹಣ, ಗ್ಯಾರಂಟಿ, ನಾಯಕನ ವರ್ಚಸ್ಸು ಎಲ್ಲವೂ ಸೇರಿದ ಗಂಟು ಒಂದು ಮತ. ಅದನ್ನು ಬಿಚ್ಚಿ ತೋರಿಸುವುದು ಪತ್ರಿಕೆಯ ಕೆಲಸ.

ದುರಂತವೆಂದರೆ, ಪ್ರಚಾರದ ದಿನಗಳಲ್ಲಿ ಪತ್ರಿಕೆಗಳು ಚುನಾವಣೆಯನ್ನು ಕುದುರೆ ಪಂದ್ಯವಾಗಿಸುತ್ತವೆ. ಫಲಿತಾಂಶ ಬಂದೊಡನೆ ಅದನ್ನೇ ಜನಮತಗಣನೆಯಾಗಿಸುತ್ತವೆ. ಭದ್ರಾ ಮೇಲ್ದಂಡೆ ಯೋಜನೆಗೆ 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ರೂ. ಘೋಷಣೆಯಾಯಿತು. ನೀರು ಯಾವ ಕೆರೆಗೆ, ಎಂದು ಎಂಬ ಪ್ರಶ್ನೆಗಿಂತ ಯಾವ ಸಮುದಾಯದ ಮತ ಯಾರಿಗೆ ಎಂಬ ಲೆಕ್ಕಾಚಾರಕ್ಕೇ ಹೆಚ್ಚು ಜಾಗ ಸಿಕ್ಕಿತು. ಅದೇ ವರ್ಷದ ಮಾರ್ಚ್‌ನಲ್ಲಿ ಅಂದಿನ ಸರಕಾರವು ಮುಸ್ಲಿಮರ ಶೇ. 4ರ 2ಬಿ ಮೀಸಲಾತಿಯನ್ನು ರದ್ದುಪಡಿಸಿದಾಗಲೂ ಅಷ್ಟೇ. ಇದರಿಂದ ಯಾವ ಮಗುವಿನ ಸೀಟು ಹೋಗುತ್ತದೆ ಎಂಬುದಕ್ಕಿಂತ ಯಾವ ಪಕ್ಷಕ್ಕೆ ಲಾಭ ಎಂಬುದೇ ದೊಡ್ಡ ಸುದ್ದಿಯಾಯಿತು. ಮುಸ್ಲಿಮನು ಅಲ್ಲಿ ಪ್ರಜೆಯಲ್ಲ, ಬರೇ ‘ಮತಬ್ಯಾಂಕ್’.

ಹಾಗೆಂದು ಜನಮತಗಣನೆಯೇ ಪರಿಹಾರವೆಂದಲ್ಲ. 2009ರ ನವೆಂಬರ್‌ನಲ್ಲಿ ಸ್ವಿಟ್ಝರ್‌ಲ್ಯಾಂಡ್‌ನಲ್ಲಿ ಮಿನಾರಗಳ ನಿರ್ಮಾಣವನ್ನು ನಿಷೇಧಿಸುವ ಪ್ರಸ್ತಾಪಕ್ಕೆ ಶೇ. 57.5 ಮಂದಿ ಹೌದೆಂದರು. ಆಗ ಇಡೀ ದೇಶದಲ್ಲಿದ್ದ ಮಿನಾರಗಳು ಕೇವಲ ನಾಲ್ಕು! ಅವುಗಳನ್ನು ಕ್ಷಿಪಣಿಗಳಂತೆ ಚಿತ್ರಿಸಿದ ಭಿತ್ತಿಪತ್ರಗಳು ವಾಸ್ತವವನ್ನು ಮರೆಮಾಚಿದವು. ಪ್ರಶ್ನೆ ನೇರವಾಗಿದ್ದರೆ ಸಾಲದು, ಅದಕ್ಕೆ ಕೊಡುವ ಮಾಹಿತಿಯೂ ಸತ್ಯವಾಗಿರಬೇಕು. ಅಲ್ಪಸಂಖ್ಯಾತರ ಮೂಲಭೂತ ಹಕ್ಕುಗಳಂತೂ ತಲೆ ಎಣಿಕೆಯ ವಸ್ತುವೇ ಅಲ್ಲ.

ಸುದ್ದಿಯನ್ನು ಪರಿಶೀಲಿಸಿ ಸ್ವೀಕರಿಸಬೇಕೆಂದು ಪವಿತ್ರ ಕುರ್‌ಆನ್ ಅಲ್‌ಹುಜುರಾತ್ ಅಧ್ಯಾಯದಲ್ಲಿ ಆಜ್ಞಾಪಿಸುತ್ತದೆ. ನ್ಯಾಯದ ಸಾಕ್ಷ್ಯವು ಸ್ವಂತಕ್ಕೆ ವಿರುದ್ಧವಾದರೂ ಹೇಳಬೇಕೆಂಬುದು ಅದೇ ಗ್ರಂಥದ ಬೋಧನೆ. ಮತವೂ ಒಂದು ಸಾಕ್ಷ್ಯವೇ. ಹಾಗಿರುವಾಗ, ‘ನಮ್ಮವರು ಯಾರಿಗೆ ಹಾಕುತ್ತಾರೆ’ ಎಂಬ ಪತ್ರಿಕೆಯ ಪ್ರಶ್ನೆಯನ್ನು ನಾವೂ ಮನೆಯಲ್ಲಿ, ಮಸೀದಿಯ ಅಂಗಳದಲ್ಲಿ ಪುನರಾವರ್ತಿಸುವುದು ಎಷ್ಟು ಸರಿ? ನಮ್ಮ ವಾರ್ಡಿನ ಶಾಲೆ, ನೀರು, ಮಕ್ಕಳ ವಿದ್ಯಾರ್ಥಿವೇತನಗಳ ಬಗ್ಗೆ ಅಭ್ಯರ್ಥಿಯಲ್ಲಿ ನಾವು ಕೇಳಬೇಕು. ಆತ ಕೊಟ್ಟ ಉತ್ತರವನ್ನು ಐದು ವರ್ಷ ನೆನಪಿಡಬೇಕು. ನಾವು ಕೇಳದಿದ್ದರೆ, ನಮ್ಮ ಉತ್ತರವನ್ನು ಬೇರೆಯವರು ಬರೆಯುತ್ತಾರೆ.