ಯಾರು ನೋಡಿದ್ದಾರೆ?

2023ರಲ್ಲಿ ಒಂದು ಭಾನುವಾರ ತಂಗಿಯ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಆಗಷ್ಟೇ ಹತ್ತನೇ ಕ್ಲಾಸಿಗೆ ಬಂದಿದ್ದ ಅವಳ ಮಗಳು, "ದೊಡ್ಡಮ್ಮ, ತಿಮಿಂಗಿಲ ಮೀನಲ್ಲವಂತೆ. ಮತ್ತೆ ಅದು ಸಮುದ್ರಕ್ಕೆ ಹೋದದ್ದು ಹೇಗೆ?" ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ನೆಂಟರೊಬ್ಬರು ಮಜ್ಜಿಗೆ ಅನ್ನ ಕಲಸುತ್ತ, "ವಿಕಾಸ ಗಿಕಾಸ ಎಲ್ಲ ಬರೀ ಊಹೆ ಮಗೂ. ಸಣ್ಣಪುಟ್ಟ ಬದಲಾವಣೆ ಇರಬಹುದು. ಒಂದು ಪ್ರಾಣಿ ಇನ್ನೊಂದಾದದ್ದನ್ನು ಯಾರು ನೋಡಿದ್ದಾರೆ?" ಎಂದರು. ಹುಡುಗಿ ತಲೆ ತಗ್ಗಿಸಿ ಊಟ ಮುಗಿಸಿದಳು. ನನಗೆ ತುತ್ತು ಇಳಿಯಲಿಲ್ಲ.

ನನ್ನ ಮುತ್ತಜ್ಜಿಯನ್ನೂ ನಾನು ನೋಡಿಲ್ಲ. ಹಾಗೆಂದು ಆಕೆ ಇರಲೇ ಇಲ್ಲವೇ? ಮದುವೆ ಮನೆಯಲ್ಲಿ ಗುರುತಿಲ್ಲದ ಹುಡುಗಿಯ ಮೂಗು, ಕಿವಿ ನೋಡಿ, "ನೀನು ಇಂಥವರ ಮೊಮ್ಮಗಳಲ್ಲವೇನೇ?" ಎಂದು ಪತ್ತೆ ಹಚ್ಚುವವರು ನಾವು. ವಿಜ್ಞಾನಿಗಳು ಮಾಡುವುದೂ ಹೆಚ್ಚುಕಡಿಮೆ ಅದನ್ನೇ, ನಮಗಿಂತ ಕಟ್ಟುನಿಟ್ಟಾಗಿ.

ಭೂವಿಜ್ಞಾನಿ ಎ. ರಂಗರಾವ್ ಜಮ್ಮು ಸೀಮೆಯ ಕಾಲಾಕೋಟ್‌ನಿಂದ ಎಲುಬು ಹುದುಗಿದ್ದ ಕಲ್ಲುಗಳನ್ನು ತಂದಿಟ್ಟಿದ್ದರು. 1971ರಲ್ಲಿ ಅಲ್ಲಿಯ ಒಂದು ಪ್ರಾಣಿಗೆ ಇಂಡೋಹ್ಯೂಸ್ ಎಂದು ಹೆಸರಿಟ್ಟರು. ಅವರು ತೀರಿಕೊಂಡ ಮೇಲೆ, ಉಳಿದ ಕಲ್ಲುಗಳನ್ನು ಅವರ ಪತ್ನಿ ಅಮೆರಿಕದಲ್ಲಿರುವ ವಿಜ್ಞಾನಿ ಥೆವಿಸನ್ ಅವರಿಗೆ ಒಪ್ಪಿಸಿದರು. ಕಲ್ಲು ಬಿಡಿಸುವಾಗ ಒಂದು ತಲೆಬುರುಡೆಯ ಕಿವಿಯ ಭಾಗ ಕೈತಪ್ಪಿ ಮುರಿಯಿತು. ಒಳಗೆ ಕಂಡದ್ದು ದಪ್ಪನೆಯ ಎಲುಬಿನ ಗೋಡೆ. ಅಂಥ ಗೋಡೆಯನ್ನು ಅದುವರೆಗೆ ತಿಮಿಂಗಿಲದ ಕುಲದಲ್ಲಿ ಮಾತ್ರ ಕಂಡಿದ್ದರು! ಸುಮಾರು 4 ಕೋಟಿ 80 ಲಕ್ಷ ವರ್ಷಗಳ ಹಿಂದಿನ, ಬೆಕ್ಕಿನ ಗಾತ್ರದ, ಗೊರಸಿನ ಆ ಪ್ರಾಣಿ ತಿಮಿಂಗಿಲದ ಹತ್ತಿರದ ದಾಯಾದಿ ಎಂದು 2007ರಲ್ಲಿ ಪ್ರಕಟವಾಯಿತು. ಕಾಲುಗಳಿದ್ದ ತಿಮಿಂಗಿಲಗಳ ಎಲುಬುಗಳೂ ನಮ್ಮ ಕಚ್ಛ್‌ನಲ್ಲೇ ಸಿಕ್ಕಿವೆ. ಈಗ ಬದುಕಿರುವವುಗಳಲ್ಲಿ ತಿಮಿಂಗಿಲಕ್ಕೆ ಹತ್ತಿರದ ನೆಂಟ ನೀರಾನೆ. ಡಿಎನ್‌ಎ ಕೂಡ ಹಾಗೆಯೇ ಹೇಳುತ್ತದೆ. ಆ ಹೆಂಗಸು ಕಲ್ಲುಗಳನ್ನು ಕಸವೆಂದು ಎಸೆದಿದ್ದರೆ? ಎಸೆಯಲಿಲ್ಲ.

ಎಸೆದವರು ಬೇರೆ. 2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಪಾಠವನ್ನೇ ಕೈಬಿಟ್ಟಿತು. ಮಕ್ಕಳ ಹೊರೆ ಇಳಿಸಲಿಕ್ಕಂತೆ! 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ಪ್ರತಿಭಟಿಸಿದರು. ಹನ್ನೆರಡನೇ ತರಗತಿಯ ಜೀವಶಾಸ್ತ್ರದಲ್ಲಿ ಇದೆಯಲ್ಲ ಎಂಬ ಸಮಾಧಾನ ಬೇರೆ. ಹತ್ತಕ್ಕೇ ಓದು ನಿಂತ, ಇಲ್ಲವೇ ಕಾಮರ್ಸ್ ಹಿಡಿದ ಹುಡುಗಿಯರು ಇದನ್ನು ಎಲ್ಲಿ ಓದಬೇಕು? ಮುಂದೆ ತಮ್ಮ ಮಕ್ಕಳು ಕೇಳಿದಾಗ ಏನು ಹೇಳಬೇಕು?

ಆ ಸಂಜೆ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಷ್ಟನ್ನೂ ಹೇಳಿದೆ. ಇಂದಿನ ಮಂಗ ನಮ್ಮ ಅಜ್ಜಿಯಲ್ಲ, ದೂರದ ದಾಯಾದಿ ಎಂಬುದನ್ನೂ ಸೇರಿಸಿದೆ. ನಕ್ಕಳು, ಆಮೇಲೆ ಹತ್ತು ಪ್ರಶ್ನೆ ಕೇಳಿದಳು. ನಿಮ್ಮ ಮನೆಯ ಪಂಕ್ತಿಯಲ್ಲೂ ಯಾರಾದರೂ "ಯಾರು ನೋಡಿದ್ದಾರೆ?" ಎಂದರೆ ಸುಮ್ಮನಿರಬೇಡಿ. ಇನ್ನೊಂದು ಸೌಟು ಸಾರು ಬಡಿಸುತ್ತ, "ನಿಮ್ಮ ಮುತ್ತಜ್ಜಿಯನ್ನು ನೋಡಿದ್ದೀರಾ?" ಎಂದು ಕೇಳಿ.